ಇಂಚು, ಸೆಂಟು ಮತ್ತು ಆರ್ಡುಯಿನೋ: ಕಾಫಿ ಕಣದಲ್ಲಿ ಮಳೆ ಎಣಿಸುವ ಬೋರ್ಡು

ಕೊಡಗಿನ ತೋಟಗಳಲ್ಲಿ ಮಳೆಯನ್ನು ಇವತ್ತಿಗೂ ಇಂಚು, ಸೆಂಟಿನಲ್ಲೇ ಹೇಳುತ್ತಾರೆ. ಇಂಚಿನ ನೂರನೇ ಒಂದು ಪಾಲು ಒಂದು ಸೆಂಟ್, ಅಂದರೆ 0.254 ಮಿ.ಮೀ. ತೋಟದ ರೈಟರ್ ಬೆಳಿಗ್ಗೆ ಮಳೆಮಾಪಕದ ನೀರನ್ನು ಅಳತೆಯ ಗಾಜಿಗೆ ಸುರಿದು, 'ಒಂದು ಇಂಚು ಇಪ್ಪತ್ತು' ಎಂದು ಪುಸ್ತಕಕ್ಕೆ ಬರೆದರೆ ಆ ದಿನದ ಲೆಕ್ಕ ಮುಗಿಯಿತು. ಆ ಒಂದು ಇಂಚು ಇಪ್ಪತ್ತು ಸೆಂಟ್ ರಾತ್ರಿಯಿಡೀ ಜಿಟಿಜಿಟಿ ಹಿಡಿದದ್ದೋ, ನಡುರಾತ್ರಿ ಮುಕ್ಕಾಲು ಗಂಟೆಯಲ್ಲಿ ಹೊಯ್ದು ಹೋದದ್ದೋ ಎಂಬುದು ಮಾತ್ರ ಗಾಜಿಗೆ ಗೊತ್ತಿಲ್ಲ. ಇಳಿಜಾರಿನ ಮಣ್ಣಿಗೆ ಇವೆರಡೂ ಒಂದೇ ಅಲ್ಲ ಎಂಬುದನ್ನು 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದಮೇಲೆ ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕಾಫಿ ಹೂ ಅರಳಿಸುವ ಫೆಬ್ರವರಿ, ಮಾರ್ಚಿನ ಹೂಮಳೆಯದು ಇನ್ನೊಂದು ಕಥೆ. ಒಂದು ಇಂಚು ಸಿಕ್ಕಿದರೆ ಸ್ಪ್ರಿಂಕ್ಲರ್ ಪೈಪು ಹೊರುವ ಕೆಲಸ ಉಳಿಯಿತು. 20 ಸೆಂಟ್ ಉದುರಿ ನಿಂತರೆ ಮೊಗ್ಗು ಕೆಡದಿರಲು ಉಳಿದ ನೀರನ್ನು ನಾವೇ ಕೊಡಬೇಕು. ಅಲ್ಲಿ ಸೆಂಟಿಗೂ ಬೆಲೆಯಿದೆ.

ಗಂಟೆಗಂಟೆಯ ಮಳೆಯನ್ನು ತಾನೇ ಎಣಿಸಿ ಬರೆದಿಡುವ ಯಂತ್ರವನ್ನು ಮನೆಯಲ್ಲೇ ಕಟ್ಟಬಹುದು. ಅದನ್ನು ಕಟ್ಟುತ್ತ ಹೋದರೆ ಆರ್ಡುಯಿನೋ ಎಂದರೆ ಏನು, ಎಲ್ಲಿ ಕೈಕೊಡುತ್ತದೆ ಎನ್ನುವುದೂ ತಿಳಿಯುತ್ತದೆ. ಮೊದಲೇ ಹೇಳಿಬಿಡುವುದು ಒಳ್ಳೆಯದು: ಇದರಲ್ಲಿ ಪ್ರೋಗ್ರಾಂ ಬರೆಯುವುದು ಕಾಲು ಭಾಗದ ಕೆಲಸ. ಮುಕ್ಕಾಲು ಭಾಗ ತಂತಿ, ನೀರು ಮತ್ತು ಕರೆಂಟಿನ ಜೊತೆ ಗುದ್ದಾಟ.

ಒಂದು ಹೆಸರು, ಮೂರು ವಸ್ತು

ಅಂಗಡಿಯಲ್ಲಿ 'ಒಂದು ಆರ್ಡುಯಿನೋ ಕೊಡಿ' ಎಂದರೆ ಕೈಗೆ ಬರುವುದು ನಾವು ಬರೆದ ಪ್ರೋಗ್ರಾಮಿನಂತೆ ಕೆಲಸ ಮಾಡುವ ಒಂದು ಪುಟ್ಟ ಎಲೆಕ್ಟ್ರಾನಿಕ್ ಬೋರ್ಡು, ಸಾಮಾನ್ಯವಾಗಿ ಊನೋ ಮಾದರಿಯದು. 'ಆರ್ಡುಯಿನೋ ಓಪನ್ ಮಾಡಿ' ಎಂದರೆ ಪ್ರೋಗ್ರಾಂ ಬರೆಯಲು ಕಂಪ್ಯೂಟರಿನಲ್ಲಿರುವ ಸಾಫ್ಟ್‌ವೇರ್, ಐಡಿಇ. 'ಆರ್ಡುಯಿನೋದಲ್ಲಿ ಬರೆದದ್ದು' ಎಂದರೆ ಭಾಷೆ. ಆ ಭಾಷೆಯೂ ಹೊಸದೇನಲ್ಲ, ಸಿ ಪ್ಲಸ್ ಪ್ಲಸ್‌ನ ಮೇಲೆ ಪಿನ್‌ಮೋಡ್, ಡಿಜಿಟಲ್‌ರೀಡ್, ಅನಲಾಗ್‌ರೀಡ್ ಎಂಬಂಥ ಸಿದ್ಧ ಫಂಕ್ಷನ್‌ಗಳನ್ನು ಹೊದಿಸಿದ್ದಾರೆ ಅಷ್ಟೆ. ಈ ಮೂರರಲ್ಲಿ ಯಾವುದನ್ನು ಬೇಕಾದರೂ ಉಳಿದೆರಡನ್ನು ಬಿಟ್ಟು ಬಳಸಬಹುದು. ಇಎಸ್‌ಪಿ32 ಎಂಬ ವೈಫೈ ಬೋರ್ಡು ಬೇರೆ ಕಂಪನಿಯದು, ಆದರೂ ಇದೇ ಐಡಿಇಯಲ್ಲಿ ಇದೇ ಫಂಕ್ಷನ್‌ಗಳಿಂದ ಅದಕ್ಕೂ ಪ್ರೋಗ್ರಾಂ ಬರೆಯುತ್ತಾರೆ.

ಇದು ಹುಟ್ಟಿದ್ದು 2005ರಲ್ಲಿ, ಇಟಲಿಯ ಇವ್ರೆಯಾ ಪಟ್ಟಣದ ವಿನ್ಯಾಸ ಶಾಲೆಯೊಂದರಲ್ಲಿ. ಎಲೆಕ್ಟ್ರಾನಿಕ್ಸ್ ಓದದ ವಿನ್ಯಾಸ ವಿದ್ಯಾರ್ಥಿಗಳಿಗೂ ಎಟುಕುವ ಅಗ್ಗದ ಬೋರ್ಡು ಬೇಕಿತ್ತು. ಮಾಸ್ಸಿಮೊ ಬಾನ್ಜಿ, ಡೇವಿಡ್ ಕ್ವಾರ್ತಿಯೆಲ್ಯೆಸ್, ಟಾಮ್ ಇಗೋ, ಜಾನ್‌ಲೂಕಾ ಮಾರ್ತೀನೊ, ಡೇವಿಡ್ ಮೆಲಿಸ್ ಸೇರಿ ಮಾಡಿದರು. ಅದಕ್ಕೂ ಮೊದಲು 2003ರಲ್ಲಿ ಅದೇ ಶಾಲೆಯ ವಿದ್ಯಾರ್ಥಿ ಎರ್ನಾಂಡೊ ಬರ್ರಗಾನ್ ತನ್ನ ಪ್ರಬಂಧಕ್ಕಾಗಿ ಕಟ್ಟಿದ್ದ 'ವೈರಿಂಗ್' ಎಂಬುದೇ ಇದರ ತಳಪಾಯ. ಆ ಹೆಸರನ್ನು ಜನ ಮರೆಯುವುದು ಹೆಚ್ಚು. ಆರ್ಡುಯಿನೋ ಎಂಬ ಹೆಸರು ಬಂದದ್ದು ಅವರು ಕೂರುತ್ತಿದ್ದ ಬಾರಿನಿಂದ, ಬಾರಿಗೆ ಬಂದದ್ದು 1002ರಲ್ಲಿ ಇಟಲಿಯ ಪಟ್ಟವೇರಿದ ಆರ್ದುಯಿನ್ ಎಂಬ ರಾಜನಿಂದ.

ಓಪನ್ ಸೋರ್ಸ್ ಎನ್ನುವುದಕ್ಕೆ ಇಲ್ಲಿ ಬಹಳ ಸರಳವಾದ ಅರ್ಥವಿದೆ. ಬೋರ್ಡಿನ ನಕ್ಷೆ ಸಾರ್ವಜನಿಕವಾಗಿದೆ. ಹೆಸರು ಹೇಳಿ, ಅದೇ ಷರತ್ತಿನಲ್ಲಿ ಹಂಚುವುದಾದರೆ ಯಾರು ಬೇಕಾದರೂ ಅದನ್ನು ಮಾಡಿ ಮಾರಬಹುದು. ಐಡಿಇಯ ಮೂಲ ಕೋಡೂ ತೆರೆದೇ ಇದೆ. ಟ್ರೇಡ್‌ಮಾರ್ಕ್ ಇರುವುದು ಹೆಸರಿಗೆ ಮತ್ತು ಲೋಗೋಗೆ ಮಾತ್ರ. ಹಾಗಾಗಿ ಮೈಸೂರಿನಲ್ಲೋ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಅಸಲಿಗಿಂತ ಎಷ್ಟೋ ಕಡಿಮೆ ಬೆಲೆಗೆ ಸಿಗುವ 'ಕ್ಲೋನ್' ಬೋರ್ಡು ಕಳ್ಳಮಾಲಲ್ಲ. ಆರ್ಡುಯಿನೋ ಲೋಗೋ ಹಾಕಿಕೊಂಡಿದ್ದರೆ ಮಾತ್ರ ನಕಲಿ. ಮಳೆ ಎಣಿಸಲು ಕ್ಲೋನ್ ಧಾರಾಳವಾಗಿ ಸಾಕು.

ಊನೋ ಆರ್3 ಬೋರ್ಡಿನ ಹೃದಯ ಎಟಿಮೆಗಾ328ಪಿ ಎಂಬ 8 ಬಿಟ್‌ನ ಚಿಪ್. ವೇಗ 16 ಮೆಗಾಹರ್ಟ್ಸ್. ಪ್ರೋಗ್ರಾಂ ಕೂರಲು 32 ಕಿಲೋಬೈಟ್ ಫ್ಲ್ಯಾಶ್, ಓಡುವಾಗಿನ ಲೆಕ್ಕಕ್ಕೆ 2 ಕಿಲೋಬೈಟ್ ರ್‍ಯಾಮ್, ಕರೆಂಟು ಹೋದರೂ ಉಳಿಯಬೇಕಾದ ಮಾಹಿತಿಗೆ 1 ಕಿಲೋಬೈಟ್ ಇಇಪ್ರೋಮ್. ಮೊಬೈಲಿನ ಮುಂದೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಇದರಲ್ಲಿ ಆಪರೇಟಿಂಗ್ ಸಿಸ್ಟಮ್ ಇಲ್ಲ ಎನ್ನುವುದೇ ನಮಗೆ ಅನುಕೂಲ. ಕರೆಂಟು ಬಂದ ಒಂದೆರಡು ಸೆಕೆಂಡಿಗೆ ಕೆಲಸಕ್ಕೆ ಹತ್ತುತ್ತದೆ, ಹೋದರೆ ಸುಮ್ಮನೆ ನಿಲ್ಲುತ್ತದೆ. ಜುಲೈಯಲ್ಲಿ ದಿನಕ್ಕೆ ಹತ್ತು ಸಲ ಕರೆಂಟು ಹೋಗಿಬರುವ ಕಡೆ, ಶಟ್‌ಡೌನ್ ಮಾಡದಿದ್ದರೆ ಕಾರ್ಡ್ ಕೆಡುವ ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗಿಂತ ಈ ಪೆದ್ದು ಬೋರ್ಡೇ ಮೇಲು.

ಅಪ್‌ಲೋಡ್ ಒತ್ತಿದಾಗ ಆಗುವುದೇನು

ಐಡಿಇಯಲ್ಲಿ ಬರೆಯುವ ಪ್ರೋಗ್ರಾಮಿಗೆ 'ಸ್ಕೆಚ್' ಎನ್ನುತ್ತಾರೆ. ಅದರಲ್ಲಿ ಎರಡು ಫಂಕ್ಷನ್ ಇರಲೇಬೇಕು: ಬೋರ್ಡು ಎದ್ದಾಗ ಒಮ್ಮೆ ಓಡುವ ಸೆಟಪ್, ಆಮೇಲೆ ಕರೆಂಟು ಇರುವತನಕ ಸುತ್ತುತ್ತಲೇ ಇರುವ ಲೂಪ್. ಎಡ ಮೂಲೆಯ ಟಿಕ್ ಗುರುತು ಪರೀಕ್ಷಿಸಲು, ಪಕ್ಕದ ಬಾಣ ಬೋರ್ಡಿಗೆ ಕಳಿಸಲು.

ಬಾಣ ಒತ್ತಿದಾಗ ಐಡಿಇ ಮೊದಲು ನಿಮ್ಮ ಸ್ಕೆಚ್ಚಿನ ತಲೆಗೆ ತನ್ನ ಹೆಡರ್ ಫೈಲನ್ನು ಸೇರಿಸುತ್ತದೆ. ಆಮೇಲೆ ಎವಿಆರ್ ಜಿಸಿಸಿ ಎಂಬ ಕಂಪೈಲರ್ ಅದನ್ನು ಚಿಪ್ಪಿನ ಭಾಷೆಗೆ ಇಳಿಸುತ್ತದೆ. ಎಷ್ಟು ಬೈಟ್ ಬಳಕೆಯಾಯಿತು, ಗರಿಷ್ಠ 32,256 ಎಂಬ ಸಾಲು ಕೆಳಗೆ ಕಾಣುತ್ತದೆ. 32 ಕಿಲೋಬೈಟ್ ಎಂದರೆ 32,768 ಆಗಬೇಕಿತ್ತು. ಉಳಿದ 512 ಬೈಟ್‌ನಲ್ಲಿ ಬೂಟ್‌ಲೋಡರ್ ಎಂಬ ಪುಟ್ಟ ಪ್ರೋಗ್ರಾಂ ಮೊದಲೇ ಕೂತಿದೆ. ಎವಿಆರ್‌ಡ್ಯೂಡ್ ಎಂಬ ಇನ್ನೊಂದು ಸಾಧನ ಯುಎಸ್‌ಬಿಯ ಮೂಲಕ ಬೋರ್ಡನ್ನು ರೀಸೆಟ್ ಮಾಡುತ್ತದೆ. ಎದ್ದ ಬೂಟ್‌ಲೋಡರ್ ಸುಮಾರು ಒಂದು ಸೆಕೆಂಡು 'ಹೊಸ ಪ್ರೋಗ್ರಾಂ ಬರುತ್ತಿದೆಯೇ' ಎಂದು ಕಾದು ನೋಡುತ್ತದೆ. ಬಂದರೆ ಫ್ಲ್ಯಾಶ್‌ಗೆ ಬರೆಯುತ್ತದೆ, ಇಲ್ಲದಿದ್ದರೆ ಹಳೆಯದನ್ನೇ ಓಡಿಸುತ್ತದೆ.

ಈ ಸರಪಳಿ ಗೊತ್ತಿದ್ದರೆ ಮೊದಲ ದಿನದ ಮುಕ್ಕಾಲು ತಕರಾರು ತಾವಾಗಿ ಬಗೆಹರಿಯುತ್ತವೆ. ಪೋರ್ಟ್ ಪಟ್ಟಿಯಲ್ಲಿ ಬೋರ್ಡೇ ಕಾಣದಿದ್ದರೆ ಮೊದಲು ಕೇಬಲ್ ಬದಲಿಸಿ. ಮೊಬೈಲ್ ಚಾರ್ಜಿಂಗಿಗೆಂದೇ ಬರುವ ಎಷ್ಟೋ ಕೇಬಲ್‌ಗಳಲ್ಲಿ ಡೇಟಾ ತಂತಿಗಳೇ ಇರುವುದಿಲ್ಲ. ಬೋರ್ಡಿನ ದೀಪ ಉರಿಯುತ್ತದೆ, ಕಂಪ್ಯೂಟರಿಗೆ ಮಾತ್ರ ಏನೂ ಕಾಣುವುದಿಲ್ಲ. ಕೇಬಲ್ ಸರಿಯಿದ್ದೂ ಕಾಣದಿದ್ದರೆ ಡ್ರೈವರ್ ನೋಡಿ. ಅಸಲಿ ಊನೋದಲ್ಲಿ ಯುಎಸ್‌ಬಿ ನೋಡಿಕೊಳ್ಳಲು ಎಟಿಮೆಗಾ16ಯು2 ಚಿಪ್ ಇದ್ದರೆ ಕ್ಲೋನ್‌ನಲ್ಲಿ ಹೆಚ್ಚಾಗಿ ಸಿಎಚ್340 ಇರುತ್ತದೆ, ಹಳೆಯ ವಿಂಡೋಸ್‌ನಲ್ಲಿ ಅದರ ಡ್ರೈವರನ್ನು ಬೇರೆಯಾಗಿ ಹಾಕಬೇಕು. ಲಿನಕ್ಸ್‌ನಲ್ಲಿ ಪೋರ್ಟ್ ಕಂಡೂ 'ಅನುಮತಿ ಇಲ್ಲ' ಎಂದರೆ ನಿಮ್ಮ ಯೂಸರ್ ಹೆಸರು ಡಯಲ್‌ಔಟ್ ಗುಂಪಿಗೆ ಸೇರಿಲ್ಲ. ಸೇರಿಸಿ, ಒಮ್ಮೆ ಲಾಗ್‌ಔಟ್ ಆಗಿ ಬನ್ನಿ. 'ಪ್ರೋಗ್ರಾಮರ್ ಈಸ್ ನಾಟ್ ರೆಸ್ಪಾಂಡಿಂಗ್' ಎಂಬ ಕೆಂಪು ಸಾಲು ಹತ್ತು ಸಲ ಬಂದರೆ ಆ ಒಂದು ಸೆಕೆಂಡಿನ ಮಾತುಕತೆ ನಡೆದಿಲ್ಲ ಎಂದರ್ಥ. ತಪ್ಪು ಬೋರ್ಡು ಅಥವಾ ತಪ್ಪು ಪೋರ್ಟ್ ಆರಿಸಿರಬಹುದು, ಇಲ್ಲವೇ 0 ಮತ್ತು 1ನೇ ಪಿನ್ನಿಗೆ ಏನನ್ನೋ ಜೋಡಿಸಿರಬಹುದು. ಅವೆರಡು ಪಿನ್ನುಗಳು ಯುಎಸ್‌ಬಿ ಮಾತಾಡುವ ದಾರಿಯೇ ಆದ್ದರಿಂದ ಖಾಲಿ ಬಿಡುವುದು ಕ್ಷೇಮ. ನ್ಯಾನೋ ಎಂಬ ಚಿಕ್ಕ ಬೋರ್ಡಿನ ಕ್ಲೋನ್ ಆದರೆ ಟೂಲ್ಸ್ ಮೆನುವಿನ ಪ್ರೊಸೆಸರ್ ಪಟ್ಟಿಯಲ್ಲಿ 'ಓಲ್ಡ್ ಬೂಟ್‌ಲೋಡರ್' ಆರಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ಬಾಡ್ ಎಂದರೆ ಮಾತಿನ ವೇಗ: ಹಳೆಯದು 57,600 ಬಾಡ್‌ನಲ್ಲಿ ಮಾತಾಡುತ್ತದೆ, ಹೊಸದು 1,15,200ರಲ್ಲಿ.

ಕಟ್ಟುವುದು

ಮಳೆ ಎಣಿಸುವ ಭಾಗದ ಹೆಸರು ಟಿಪ್ಪಿಂಗ್ ಬಕೆಟ್. ಮೇಲಿನ ಆಲಿಕೆಯಿಂದ ಬಿದ್ದ ನೀರು ತಕ್ಕಡಿಯಂತೆ ಎರಡು ಬದಿಯಿರುವ ಪುಟ್ಟ ಬುಟ್ಟಿಗೆ ಇಳಿಯುತ್ತದೆ. ಒಂದು ಬದಿ ತುಂಬಿದ ಕೂಡಲೇ ಮಗುಚಿ ನೀರು ಚೆಲ್ಲುತ್ತದೆ, ಇನ್ನೊಂದು ಬದಿ ಮೇಲೆ ಬರುತ್ತದೆ. ಮಗುಚುವಾಗ ಬುಟ್ಟಿಯ ಆಯಸ್ಕಾಂತ ಒಂದು ರೀಡ್ ಸ್ವಿಚ್ಚಿನ ಮುಂದೆ ಹಾದು ಕ್ಷಣಮಾತ್ರ ಅದನ್ನು ಮುಚ್ಚುತ್ತದೆ. ಅಗ್ಗದ ಪ್ಲಾಸ್ಟಿಕ್ ಮಾಪಕಗಳಲ್ಲಿ ಒಂದು ಮಗುಚಿಗೆ ಸಾಮಾನ್ಯವಾಗಿ 0.2794 ಮಿ.ಮೀ. ಎಂದಿರುತ್ತದೆ. ವಿಚಿತ್ರ ಅಂಕಿ ಎನಿಸಬಹುದು. ನಮ್ಮ ಲೆಕ್ಕಕ್ಕೆ ತಿರುಗಿಸಿದರೆ ಸರಿಯಾಗಿ 1.1 ಸೆಂಟ್.

ಬೇಕಾದದ್ದು ಇಷ್ಟು: ಊನೋ ಒಂದು, ಟಿಪ್ಪಿಂಗ್ ಬಕೆಟ್ ಒಂದು, 4.7 ಕಿಲೋಓಮ್ ಮತ್ತು 1 ಕಿಲೋಓಮ್ ರೆಸಿಸ್ಟರ್ ಒಂದೊಂದು, ಮೈಮೇಲೆ 104 ಎಂದು ಬರೆದಿರುವ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಒಂದು, ಡಿಎಸ್3231 ಗಡಿಯಾರದ ಮಾಡ್ಯೂಲ್, ಹಿಂದೆ ಐ2ಸಿ (ಎರಡೇ ತಂತಿಯಲ್ಲಿ ಮಾತಾಡುವ) ಪಟ್ಟಿ ಇರುವ 16 ಅಕ್ಷರ 2 ಸಾಲಿನ ಎಲ್‌ಸಿಡಿ, ಶೀಲ್ಡ್ ಇರುವ ಎರಡು ತಂತಿಯ ಕೇಬಲ್, ನೀರು ನುಗ್ಗದ ಜಂಕ್ಷನ್ ಬಾಕ್ಸ್.

ರೀಡ್ ಸ್ವಿಚ್ಚಿನ ಒಂದು ತಂತಿ ಗ್ರೌಂಡಿಗೆ. ಇನ್ನೊಂದು ಬೋರ್ಡಿನ ಹತ್ತಿರ ಬಂದಾಗ 4.7 ಕಿಲೋಓಮ್ ಮೂಲಕ 5 ವೋಲ್ಟಿಗೆ, 1 ಕಿಲೋಓಮ್ ಮೂಲಕ 2ನೇ ಪಿನ್ನಿಗೆ. ಆ ಪಿನ್ನಿನಿಂದ ಗ್ರೌಂಡಿಗೆ ಕೆಪಾಸಿಟರ್. ಗಡಿಯಾರ ಮತ್ತು ಎಲ್‌ಸಿಡಿ ಎರಡೂ ಎ4 ಮತ್ತು ಎ5 ಎಂಬ ಎರಡೇ ತಂತಿಯನ್ನು ಹಂಚಿಕೊಳ್ಳುತ್ತವೆ. ಒಂದೊಂದಕ್ಕೂ ಬೇರೆ ವಿಳಾಸ ಇರುವುದರಿಂದ ಜಗಳವಿಲ್ಲ. ಎಲ್‌ಸಿಡಿಯ ಹಿಂಬೆಳಕು ಉರಿದು ಅಕ್ಷರ ಬಾರದಿದ್ದರೆ ಸಾಮಾನ್ಯವಾಗಿ ಎರಡೇ ಕಾರಣ: ವಿಳಾಸ ಹೆಕ್ಸ್ 27ರ ಬದಲು 3ಎಫ್ ಆಗಿದೆ, ಅಥವಾ ಹಿಂದಿನ ನೀಲಿ ಡಬ್ಬಿಯ ಸ್ಕ್ರೂ ತಿರುಗಿಸಿ ಕಾಂಟ್ರಾಸ್ಟ್ ಸರಿಮಾಡಿಲ್ಲ.

ಗಡಿಯಾರದ ಮಾಡ್ಯೂಲಿನಲ್ಲಿ ಒಂದು ಗುಂಡಿ ಇದೆ, ಬೀಳುವವರೇ ಹೆಚ್ಚು. ಅಗ್ಗದ ಮಾಡ್ಯೂಲುಗಳಲ್ಲಿ ನಾಣ್ಯದಂಥ ಬ್ಯಾಟರಿಯನ್ನು ಚಾರ್ಜ್ ಮಾಡುವ ದಾರಿ ಇರುತ್ತದೆ, ಅದು ಚಾರ್ಜ್ ಆಗುವ ಎಲ್‌ಐಆರ್2032 ಬ್ಯಾಟರಿಗೆಂದು ಇಟ್ಟದ್ದು. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಸಿಆರ್2032 ಚಾರ್ಜ್ ಆಗುವ ಜಾತಿಯದಲ್ಲ; ಅದನ್ನೇ ಹಾಕಿ 5 ವೋಲ್ಟ್ ಕೊಟ್ಟರೆ ಉಬ್ಬಬಹುದು. ಆ ದಾರಿಯಲ್ಲಿರುವ ಡಯೋಡಿನ ಪಕ್ಕದ 200 ಓಮ್ ರೆಸಿಸ್ಟರನ್ನು ಸೋಲ್ಡರಿಂಗ್ ಐರನ್‌ನಿಂದ ಕಿತ್ತುಬಿಟ್ಟರೆ ತೊಂದರೆ ಇಲ್ಲ. ಡಿಎಸ್3231 ವರ್ಷಕ್ಕೆ ಒಂದು ನಿಮಿಷದಷ್ಟು ಆಚೀಚೆ ಆಗಬಹುದು. ಡಿಎಸ್1307 ಎಂಬ ಹಳೆಯದು ಚಳಿ, ಬಿಸಿಲಿಗೆ ತಕ್ಕಂತೆ ಓಡುತ್ತದೆ, ಬೇಡ.

ಎಣಿಸುವ ಲೆಕ್ಕ

ಲೂಪ್‌ನಲ್ಲಿ 2ನೇ ಪಿನ್ನನ್ನು ಮತ್ತೆ ಮತ್ತೆ ಇಣುಕಿ ನೋಡುವುದು ಸುಲಭದ ದಾರಿ, ಆದರೆ ಸರಿಯಲ್ಲ. ಎಲ್‌ಸಿಡಿಗೆ ಬರೆಯುತ್ತಿರುವಾಗಲೋ ಡಿಲೇ ಹೇಳಿ ಕಾಯುತ್ತಿರುವಾಗಲೋ ಬುಟ್ಟಿ ಮಗುಚಿದರೆ ಆ ಎಣಿಕೆ ಹೋಯಿತು. ಇದಕ್ಕೇ ಇಂಟರಪ್ಟ್ ಇರುವುದು. ಗೇಟಿನಲ್ಲಿ ನಾಯಿ ಬೊಗಳಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ನೋಡಿ ಬಂದು, ಬಿಟ್ಟಲ್ಲಿಂದಲೇ ಮುಂದುವರಿಸುವಂತೆ, ಪಿನ್ನಿನ ವೋಲ್ಟೇಜ್ ಬಿದ್ದ ಕ್ಷಣ ಚಿಪ್ ನೀವು ಹೇಳಿದ ಫಂಕ್ಷನ್ನಿಗೆ ಹಾರಿ, ಮುಗಿಸಿ, ವಾಪಸು ಬರುತ್ತದೆ. ಊನೋದಲ್ಲಿ ಅಟ್ಯಾಚ್‌ಇಂಟರಪ್ಟ್ ನಡೆಯುವುದು 2 ಮತ್ತು 3ನೇ ಪಿನ್ನಿನಲ್ಲಿ ಮಾತ್ರ. ಬೇರೆ ಪಿನ್ನಿಗೆ ಜೋಡಿಸಿ 'ಎಣಿಸುತ್ತಿಲ್ಲ' ಎಂದು ತಲೆಕೆಡಿಸಿಕೊಳ್ಳುವುದು ಬೇಡ.

ಇಂಟರಪ್ಟ್ ಫಂಕ್ಷನ್ ಒಳಗೆ ಎರಡೇ ಕೆಲಸ ಇರಲಿ: ಸಮಯ ನೋಡುವುದು, ಒಂದು ಕೂಡುವುದು. ಸಮಯ ಏಕೆಂದರೆ, ರೀಡ್ ಸ್ವಿಚ್ಚಿನ ತೆಳುವಾದ ಪಟ್ಟಿಗಳು ತಾಗಿದಾಗ ಒಂದೇ ಸಲಕ್ಕೆ ನಿಲ್ಲುವುದಿಲ್ಲ, ಸ್ವಲ್ಪ ಕುಣಿದು ಕೂರುತ್ತವೆ. ಸೆಕೆಂಡಿಗೆ 1.6 ಕೋಟಿ ಸಲ ಮಿಡಿಯುವ ಚಿಪ್ಪಿಗೆ ಆ ಕುಣಿತವೆಲ್ಲ ಬೇರೆ ಬೇರೆ ಮಗುಚಿನಂತೆ ಕಾಣುತ್ತದೆ, ಒಂದು ಸಲ ಮಗುಚಿದ್ದಕ್ಕೆ ಮೂರು ನಾಲ್ಕು ಎಣಿಸುತ್ತದೆ. ಹಿಂದಿನ ಎಣಿಕೆಯಿಂದ 200 ಮಿಲಿಸೆಕೆಂಡು ಕಳೆದಿಲ್ಲದಿದ್ದರೆ ಬಿಟ್ಟುಬಿಡು ಎಂದು ಬರೆದರೆ ಸಾಕು. ಜೋರು ಮಳೆಯಲ್ಲಿ ನಿಜವಾದ ಮಗುಚೇ ತಪ್ಪಿಹೋದೀತೇ ಎಂಬ ಅನುಮಾನ ಬೇಡ: ಗಂಟೆಗೆ 100 ಮಿ.ಮೀ. ಹೊಯ್ದರೂ ಗಂಟೆಗೆ ಸುಮಾರು 358 ಮಗುಚು, ಅಂದರೆ ಹತ್ತು ಸೆಕೆಂಡಿಗೆ ಒಂದು.

ಸಮಯವನ್ನು ಮಿಲಿಸ್ ಎಂಬ ಫಂಕ್ಷನ್ ಕೊಡುತ್ತದೆ. ಬೋರ್ಡು ಎದ್ದಾಗಿನಿಂದ ಎಣಿಸುತ್ತ 49.7 ದಿನಕ್ಕೆ ಅದು ಮತ್ತೆ ಸೊನ್ನೆಗೆ ಬರುತ್ತದೆ. ನಮ್ಮ ಮಳೆಗಾಲ ಅದಕ್ಕಿಂತ ಉದ್ದ, ಆದ್ದರಿಂದ ಇದು ಪುಸ್ತಕದ ಬದನೆಕಾಯಿ ಮಾತಲ್ಲ. 'ಈಗಿನದರಿಂದ ಹಿಂದಿನದನ್ನು ಕಳೆದರೆ 200ಕ್ಕಿಂತ ಹೆಚ್ಚೇ' ಎಂದು ಅನ್‌ಸೈನ್ಡ್ ಲಾಂಗ್‌ನಲ್ಲಿ ಕಳೆದು ನೋಡಿದರೆ ಸೊನ್ನೆ ದಾಟಿದರೂ ಉತ್ತರ ಸರಿ ಬರುತ್ತದೆ. 'ಹಿಂದಿನದಕ್ಕೆ 200 ಕೂಡಿದ ಸಮಯ ದಾಟಿತೇ' ಎಂದು ಬರೆದರೆ ಆ ದಿನ ಎಣಿಕೆ ತಪ್ಪುತ್ತದೆ.

ಎಣಿಕೆಯ ಡಬ್ಬಿ (ವೇರಿಯಬಲ್) ಎಷ್ಟು ದೊಡ್ಡದಿರಬೇಕು? ಜಾಗ ಉಳಿಸಲು ಬೈಟ್ ಎಂದು ಬರೆದರೆ 255 ಆದಮೇಲೆ ಸೊನ್ನೆಗೆ ಇಳಿಯುತ್ತದೆ. 255 ಮಗುಚು ಎಂದರೆ 71 ಮಿ.ಮೀ., 2 ಇಂಚು 80 ಸೆಂಟ್. ಬಯಲುಸೀಮೆಯಲ್ಲಿ ಆ ತಪ್ಪು ವರ್ಷಗಟ್ಟಲೆ ಬೆಳಕಿಗೆ ಬಾರದೆ ಇರಬಹುದು. ಭಾಗಮಂಡಲದ ಕಡೆ ಕಕ್ಕಡದ (ಜುಲೈ-ಆಗಸ್ಟಿನ ಕೊಡವ ತಿಂಗಳು) ಒಂದೇ ದಿನ ಸಾಕು. 65,535ರವರೆಗೆ ಹೋಗುವ ಅನ್‌ಸೈನ್ಡ್ ಇಂಟ್ ಬಳಸಿ, ಮುಂದೆ ವೊಲಟೈಲ್ ಎಂದು ಸೇರಿಸಿ. ಸೇರಿಸದಿದ್ದರೆ, ಲೂಪ್‌ನೊಳಗೆ ಯಾರೂ ಈ ಡಬ್ಬಿಯನ್ನು ಮುಟ್ಟುತ್ತಿಲ್ಲ ಎಂದು ತಿಳಿದ ಕಂಪೈಲರ್ ಹಳೆಯ ಬೆಲೆಯನ್ನೇ ಹಿಡಿದು ಕೂರಬಹುದು.

ಇನ್ನೊಂದು ಸೂಕ್ಷ್ಮ ಇದೆ, ಅನುಭವಿಗಳೂ ಮರೆಯುವಂಥದ್ದು. ಚಿಪ್ 8 ಬಿಟ್‌ನದ್ದಾದ್ದರಿಂದ ಎರಡು ಬೈಟಿನ ಅಂಕಿಯನ್ನು ಒಂದೇ ಉಸಿರಿಗೆ ಓದಲಾರದು. ಎಣಿಕೆ 255 ಇದ್ದಾಗ ಕೆಳಗಿನ ಬೈಟನ್ನು ಓದಿತು ಎನ್ನಿ, 255. ಮೇಲಿನದನ್ನು ಓದುವ ಮೊದಲೇ ಬುಟ್ಟಿ ಮಗುಚಿ ಎಣಿಕೆ 256 ಆಯಿತು, ಈಗ ಮೇಲಿನ ಬೈಟ್ 1. ಎರಡನ್ನೂ ಸೇರಿಸಿದರೆ 511. ಇಲ್ಲದ ಮಳೆ ದುಪ್ಪಟ್ಟಾಗಿ ದಾಖಲಾಯಿತು, ಅದೂ ವರ್ಷಕ್ಕೊಮ್ಮೆ ಎಂದೋ, ಹುಡುಕಿದರೆ ಸಿಗುವುದಿಲ್ಲ. ಓದುವ ಮುಂಚೆ ಇಂಟರಪ್ಟನ್ನು ತಡೆಹಿಡಿಯುವ ನೋಇಂಟರಪ್ಟ್ಸ್, ಇನ್ನೊಂದು ಡಬ್ಬಿಗೆ ನಕಲು ಮಾಡಿಕೊಂಡ ಮೇಲೆ ಇಂಟರಪ್ಟ್ಸ್. ಎರಡು ಸಾಲಿನ ಔಷಧಿ.

ಬರೆದಿಡುವಾಗ ಮಿ.ಮೀ. ಬೇಡ, ಮಗುಚಿನ ಸಂಖ್ಯೆಯನ್ನೇ ಬರೆಯಿರಿ. ಆಮೇಲೆ ಮಾಪಕದ ಲೆಕ್ಕ ತಿದ್ದಿದರೆ ಹಳೆಯ ದಾಖಲೆಗೂ ಅದೇ ಗುಣಕ ಹಾಕಿಕೊಳ್ಳಬಹುದು. ದಿನದ ಒಟ್ಟು ಎಣಿಕೆಗೆ 2 ಬೈಟ್, ವರ್ಷಕ್ಕೆ 730 ಬೈಟ್. ಊನೋದ 1,024 ಬೈಟಿನ ಇಇಪ್ರೋಮ್‌ನಲ್ಲಿ ಒಂದು ವರ್ಷ ಆರಾಮಾಗಿ ಕೂರುತ್ತದೆ. ಗಂಟೆಯ ಲೆಕ್ಕ ಅಲ್ಲಿ ಹಿಡಿಯುವುದಿಲ್ಲ. ಅದಕ್ಕೆ ಗಡಿಯಾರದ ಮಾಡ್ಯೂಲಿನ ಮೇಲೆಯೇ ಸಾಮಾನ್ಯವಾಗಿ ಇರುವ 4 ಕಿಲೋಬೈಟ್‌ನ ಇನ್ನೊಂದು ಇಇಪ್ರೋಮ್ ಚಿಪ್ ಇದೆ: 2,048 ಗಂಟೆ, 85 ದಿನ. ಎರಡು ತಿಂಗಳಿಗೊಮ್ಮೆ ಇಳಿಸಿಕೊಂಡರಾಯಿತು. ದಿನ ಬದಲಾಗುವುದನ್ನು ನಡುರಾತ್ರಿಗಲ್ಲ, ಬೆಳಿಗ್ಗೆ 8:30ಕ್ಕೆ ಇಡಿ. ಹವಾಮಾನ ಇಲಾಖೆಯ ಮಳೆದಿನ ಶುರುವಾಗುವುದು ಆಗ, ಅವರ ಅಂಕಿಯ ಪಕ್ಕ ನಿಮ್ಮದನ್ನು ಇಟ್ಟು ನೋಡಬಹುದು.

ಊನೋದ ಇಇಪ್ರೋಮ್‌ನ ಒಂದೊಂದು ಕೋಶಕ್ಕೆ ಸುಮಾರು 1,00,000 ಬರಹದ ಆಯುಸ್ಸು. ಗಂಟೆಗೊಮ್ಮೆ ಒಂದೇ ಕೋಶಕ್ಕೆ ಬರೆದರೂ ಹನ್ನೊಂದು ವರ್ಷ ಬಾಳುತ್ತದೆ. ಅರಿವಿಲ್ಲದೆ ಲೂಪ್‌ನಲ್ಲಿ ಸೆಕೆಂಡಿಗೊಮ್ಮೆ ಬರೆಯುವಂತೆ ಇಟ್ಟರೆ 28 ಗಂಟೆಯಲ್ಲಿ ಸತ್ತುಹೋಗಬಹುದು. ರೈಟ್ ಬದಲು ಅಪ್‌ಡೇಟ್ ಬಳಸಿದರೆ ಬೆಲೆ ಬದಲಾಗದಿದ್ದಾಗ ಬರೆಯುವುದೇ ಇಲ್ಲ.

ಹೊರಗೆ ಇಟ್ಟ ಮೇಲೆ

ಮೇಜಿನ ಮೇಲೆ ಚೆನ್ನಾಗಿ ಓಡಿದ್ದು ಜೂನ್ ಮೂರನೇ ವಾರಕ್ಕೆ ನಿಲ್ಲುತ್ತದೆ. ಹೆಚ್ಚಾಗಿ ಕಾರಣ, ಸೋಲ್ಡರ್ ಮಾಡದೆ ತಂತಿ ಚುಚ್ಚಿ ಜೋಡಿಸುವ ಬ್ರೆಡ್‌ಬೋರ್ಡ್. ಅದರೊಳಗಿನ ಲೋಹದ ಕ್ಲಿಪ್ಪುಗಳು ತೇವಕ್ಕೆ ಕಿಲುಬು ಹಿಡಿದು ಸಂಪರ್ಕ ಬಿಡುತ್ತವೆ. ಪರೀಕ್ಷೆ ಮುಗಿದ ಮೇಲೆ ಎಲ್ಲವನ್ನೂ ಜೀರೋ ಪಿಸಿಬಿ ಎಂಬ ತೂತುಗಳಿರುವ ಖಾಲಿ ಹಲಗೆಯ ಮೇಲೆ ಸೋಲ್ಡರ್ ಮಾಡಿ, ಸೋಲ್ಡರ್ ಬದಿಗೆ ವಾರ್ನಿಷ್ ಬಳಿಯಿರಿ. ಬಣ್ಣವಿಲ್ಲದ ಉಗುರುಬಣ್ಣವೂ ನಡೆಯುತ್ತದೆ. ಬಾಕ್ಸ್ ಒಳಗೆ ಸಿಲಿಕಾ ಜೆಲ್ ಪೊಟ್ಟಣ. ತಂತಿ ಒಳಹೋಗುವ ತೂತು ಬಾಕ್ಸಿನ ತಳದಲ್ಲಿರಲಿ, ಒಳಹೋಗುವ ಮೊದಲು ತಂತಿ ಒಮ್ಮೆ ಕೆಳಗೆ ಬಳುಕಿ ಮೇಲೇರಲಿ. ಇಲ್ಲದಿದ್ದರೆ ನೀರು ತಂತಿಯನ್ನೇ ಹಿಡಿದುಕೊಂಡು ನೇರ ಬೋರ್ಡಿಗೆ ಬರುತ್ತದೆ.

ಮಾಪಕಕ್ಕೆ ಜಾಗ ಎಲ್ಲಿ? ಕಾಫಿ ತೋಟ ಎಂದರೆ ನೆರಳು. ಸಿಲ್ವರ್ ಓಕ್ ಕೆಳಗೆ ಇಟ್ಟರೆ ನೀವು ಅಳೆಯುವುದು ಮಳೆಯನ್ನಲ್ಲ, ಎಲೆಯಿಂದ ತೊಟ್ಟಿಕ್ಕಿದ್ದನ್ನು. ಆಕಾಶ ತೆರೆದಿರುವ ಜಾಗ ಕಣ. ಕಾಫಿ ಒಣಗಿಸುವುದು ಡಿಸೆಂಬರಿನಿಂದ, ಮಳೆಗಾಲದಲ್ಲಿ ಅದು ಹೇಗೂ ಖಾಲಿ. ಕಣದ ಅಂಚಿನಲ್ಲಿ ಕಂಬ ನೆಟ್ಟು, ಸಿಮೆಂಟಿನಿಂದ ಸಿಡಿದ ನೀರು ತಾಗದಷ್ಟು ಎತ್ತರಕ್ಕೆ ಇಟ್ಟು, ರಸಮಟ್ಟ ಹಿಡಿದು ನಾಲ್ಕೂ ದಿಕ್ಕು ಸರಿಮಾಡಿ. ವಾಲಿದ ಮಾಪಕದ ಒಂದು ಬದಿಯ ಬುಟ್ಟಿ ಬೇಗ ಮಗುಚುತ್ತದೆ, ಇನ್ನೊಂದು ತಡವಾಗಿ.

ಇನ್ನು ಆನೆ ಬೇಲಿ. ಸೋಲಾರ್ ಬೇಲಿಯ ಎನರ್ಜೈಸರ್ ಹೆಚ್ಚುಕಡಿಮೆ ಸೆಕೆಂಡಿಗೊಂದರಂತೆ ಸಾವಿರಾರು ವೋಲ್ಟಿನ ಮಿಡಿತ ಬಿಡುತ್ತದೆ. ಮಾಪಕದ ತಂತಿ ಬೇಲಿಗೆ ಸಮಾನಾಂತರವಾಗಿ ನಾಲ್ಕಾರು ಮೀಟರ್ ಓಡಿದರೂ ಆ ಮಿಡಿತದ ನೆರಳು ಅದರೊಳಗೆ ಹುಟ್ಟುತ್ತದೆ. ಬಿಸಿಲಿನ ದಿನವೂ ಎಲ್‌ಸಿಡಿಯಲ್ಲಿ ಎಣಿಕೆ ತಾಳ ಹಾಕಿದಂತೆ ಏರುತ್ತಿದ್ದರೆ ಪ್ರೋಗ್ರಾಂ ತಿದ್ದಲು ಕೂರಬೇಡಿ, ಬೇಲಿಯ ಸ್ವಿಚ್ಚನ್ನು ಒಂದು ನಿಮಿಷ ಆಫ್ ಮಾಡಿ ನೋಡಿ. ಪಿನ್ನನ್ನು 5 ವೋಲ್ಟಿನತ್ತ ಎಳೆದು ಹಿಡಿಯುವ, ಚಿಪ್ಪಿನೊಳಗಿನ ಪುಲ್‌ಅಪ್ 20ರಿಂದ 50 ಕಿಲೋಓಮ್‌ನಷ್ಟು ದುರ್ಬಲ, ಉದ್ದ ತಂತಿಯನ್ನು ಅದು ಬಿಗಿಹಿಡಿಯಲಾರದು. ಹೊರಗಿನಿಂದ 4.7 ಕಿಲೋಓಮ್ ಹಾಕಿ, ಪಿನ್ನಿನ ಬಳಿ ಕೆಪಾಸಿಟರ್ ಇಟ್ಟದ್ದು ಇದಕ್ಕೇ. ಕೇಬಲಿನ ಶೀಲ್ಡನ್ನು ಬೋರ್ಡಿನ ಕಡೆ ಮಾತ್ರ ಗ್ರೌಂಡಿಗೆ ಸೇರಿಸಿ. ಬೇಲಿಯನ್ನು ದಾಟಲೇಬೇಕಿದ್ದರೆ ಅಡ್ಡಡ್ಡ ನೇರವಾಗಿ ದಾಟಿಸಿ. ಏಪ್ರಿಲ್, ಮೇ ತಿಂಗಳ ಗುಡುಗಿಗೆ ಮಾತ್ರ ಇದ್ಯಾವುದೂ ಉತ್ತರವಲ್ಲ. ಸಿಡಿಲು ಹತ್ತಿರ ಬಂದಾಗ ತಂತಿ ಕಿತ್ತಿಡುವುದೇ ವಾಸಿ.

ಕರೆಂಟಿನ ಲೆಕ್ಕ ಹೀಗೆ. ಊನೋ ಸುಮ್ಮನಿದ್ದರೂ ಸುಮಾರು 50 ಮಿಲಿಆಂಪ್ ಎಳೆಯುತ್ತದೆ. 10,000 ಎಂಎಎಚ್ ಪವರ್ ಬ್ಯಾಂಕ್ 5 ವೋಲ್ಟಿನಲ್ಲಿ ನಿಜಕ್ಕೆ ಕೊಡುವುದು 6,300ರ ಆಸುಪಾಸು, ಅಂದರೆ ಐದು ದಿನ. ಆದರೆ ಬಹಳಷ್ಟು ಪವರ್ ಬ್ಯಾಂಕುಗಳು ಇಷ್ಟು ಕಡಿಮೆ ಎಳೆತವನ್ನು 'ಏನೂ ಜೋಡಿಸಿಲ್ಲ' ಎಂದು ತಿಳಿದು ಅರ್ಧ ನಿಮಿಷಕ್ಕೆ ತಾವೇ ಆಫ್ ಆಗುತ್ತವೆ. ಕೊಳ್ಳುವ ಮುಂಚೆ ಬೋರ್ಡು ಹಚ್ಚಿ ಹತ್ತು ನಿಮಿಷ ನೋಡಿ. ಮನೆಯ ಯುಪಿಎಸ್ ಬ್ಯಾಟರಿಯಿಂದ ಎಳೆಯುವುದು ಗಟ್ಟಿ ದಾರಿ, ಆದರೆ ನೇರ ಜ್ಯಾಕಿಗೆ ಬೇಡ: ಚಾರ್ಜ್ ಆಗುವಾಗ ಆ ಬ್ಯಾಟರಿ 14.4 ವೋಲ್ಟ್ ದಾಟಬಹುದು, ಊನೋದ ಜ್ಯಾಕಿಗೆ ಹೇಳಿರುವುದು 7ರಿಂದ 12. ನಡುವೆ ವೋಲ್ಟೇಜ್ ಇಳಿಸುವ, 5 ವೋಲ್ಟಿಗೆ ಹೊಂದಿಸಿದ ಬಕ್ ಕನ್ವರ್ಟರ್ ಹಾಕಿ ಯುಎಸ್‌ಬಿಗೆ ಕೊಡಿ. ಕಕ್ಕಡದಲ್ಲಿ ಪುಟ್ಟ ಸೋಲಾರ್ ಪ್ಯಾನೆಲ್ ನಂಬಿ ಕೂರುವವರಿಗೆ ಹೇಳುವುದೇನೂ ಇಲ್ಲ.

ಮಾಪಕದ ಮೇಲೆ ಬರೆದ ಅಂಕಿಯನ್ನು ನಂಬಬೇಡಿ, ಅಳೆಯಿರಿ. ಬಾಯಿ 11 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲ ಎಂದಿಟ್ಟುಕೊಳ್ಳಿ, 55 ಚದರ ಸೆಂ.ಮೀ. ಆಸ್ಪತ್ರೆಯ ಸಿರಿಂಜಿನಲ್ಲಿ 100 ಮಿ.ಲೀ. ನೀರನ್ನು ಅರ್ಧ ಗಂಟೆ ಹಿಡಿಯುವಂತೆ ತೊಟ್ಟುತೊಟ್ಟಾಗಿ ಬಿಡಿ. ಆ ಬಾಯಿಗೆ 100 ಮಿ.ಲೀ. ಎಂದರೆ 18.18 ಮಿ.ಮೀ. ಮಳೆ. 65 ಸಲ ಮಗುಚಿದರೆ ಒಂದಕ್ಕೆ 0.28, ಬರೆದದ್ದು ಸರಿ. 62 ಬಂದರೆ 0.293, ಅಂದರೆ 1.15 ಸೆಂಟ್, ಆ ಅಂಕಿಯನ್ನೇ ಸ್ಕೆಚ್ಚಿಗೆ ಹಾಕಿ. ಒಮ್ಮೆಲೇ ಸುರಿದರೆ ಎಣಿಕೆ ಕಡಿಮೆ ಬರುತ್ತದೆ, ಏಕೆಂದರೆ ಬುಟ್ಟಿ ಮಗುಚುತ್ತಿರುವ ಆ ಅರೆಕ್ಷಣದಲ್ಲಿ ಬಿದ್ದ ನೀರು ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ಜಡಿಮಳೆಯಲ್ಲೂ ಇದೇ ಆಗುತ್ತದೆ, ಈ ಜಾತಿಯ ಮಾಪಕದ ಹುಟ್ಟುಗುಣ ಅದು. ಹಾಗಾಗಿ ಬುಟ್ಟಿ ಚೆಲ್ಲಿದ ನೀರು ಸೋರಿ ಬರುವ ಜಾಗಕ್ಕೆ ಒಂದು ಕ್ಯಾನ್ ಇಡಿ. ದಿನಕ್ಕೆ 250 ಮಿ.ಮೀ. ಸುರಿದರೂ 1.4 ಲೀಟರ್ ಮೀರುವುದಿಲ್ಲ. ಬೆಳಿಗ್ಗೆ ಆ ನೀರನ್ನು ಅಳೆದರೆ ಬೋರ್ಡು ಎಷ್ಟು ಕಡಿಮೆ ಎಣಿಸಿತೆಂದು ತಿಳಿಯುತ್ತದೆ. ರೈಟರ ಹಳೆಯ ಗಾಜಿನ ಮಾಪಕವನ್ನೂ ಎತ್ತಿಡಬೇಡಿ. ಎರಡರ ನಡುವೆ ಒಂದು ಬೆಳಿಗ್ಗೆ ದೊಡ್ಡ ಅಂತರ ಬಂದರೆ ಆಲಿಕೆಯಲ್ಲಿ ಎಲೆ ಸಿಕ್ಕಿದೆ ಅಥವಾ ಬುಟ್ಟಿಯ ಕೆಳಗೆ ಜೇಡ ಮನೆ ಮಾಡಿದೆ.

ದಾಖಲೆ ಇಳಿಸಿಕೊಳ್ಳಲು ಲ್ಯಾಪ್‌ಟಾಪ್ ಜೋಡಿಸಿ, ಐಡಿಇಯ ಸೀರಿಯಲ್ ಮಾನಿಟರ್ ತೆರೆದು, ನೀವು ಸ್ಕೆಚ್ಚಿನಲ್ಲಿ ಇಟ್ಟ ಅಕ್ಷರ ಒತ್ತಿದರೆ ಸಾಲುಸಾಲಾಗಿ ಬರುತ್ತದೆ. ಅಲ್ಪವಿರಾಮ ಹಾಕಿ ಕಳಿಸಿದರೆ ಎಕ್ಸೆಲ್‌ಗೆ ನೇರ ಅಂಟಿಸಬಹುದು. ಕಸದಂಥ ಅಕ್ಷರ ಬಂದರೆ ಮಾನಿಟರಿನ ಬಾಡ್ ಅಂಕಿಯೂ ಸ್ಕೆಚ್ಚಿನಲ್ಲಿ ಬರೆದ 9,600 ಅಂಕಿಯೂ ಹೊಂದಿಲ್ಲ. ಒಂದು ಎಚ್ಚರ: ಸೀರಿಯಲ್ ಮಾನಿಟರ್ ತೆರೆದ ಕೂಡಲೇ ಊನೋ ರೀಸೆಟ್ ಆಗುತ್ತದೆ, ಅಪ್‌ಲೋಡಿಗೆ ಬಳಸುವ ಅದೇ ತಂತಿಯಿಂದ. ರ್‍ಯಾಮ್‌ನಲ್ಲಿದ್ದ ಈ ಗಂಟೆಯ ಎಣಿಕೆ ಅಳಿಸಿಹೋಗುತ್ತದೆ. ಸೆಟಪ್‌ನಲ್ಲಿ ಮೊದಲ ಕೆಲಸವಾಗಿ ಇವತ್ತಿನ ಮೊತ್ತವನ್ನು ಇಇಪ್ರೋಮ್‌ನಿಂದ ವಾಪಸು ಓದಿಸಿಕೊಳ್ಳಿ, ಮತ್ತು ರೀಸೆಟ್ ಪಿನ್ನಿಗೂ ಗ್ರೌಂಡಿಗೂ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದನ್ನು, ಮೈನಸ್ ಕಾಲು ಗ್ರೌಂಡಿನ ಕಡೆಗಿರುವಂತೆ, ಸಿಕ್ಕಿಸಿಡಿ. ಹೊಸ ಸ್ಕೆಚ್ ಹಾಕುವ ದಿನ ಅದನ್ನು ಕೀಳಲು ಮರೆತರೆ ಮತ್ತೆ ಅದೇ ಕೆಂಪು ಸಾಲು, ಪ್ರೋಗ್ರಾಮರ್ ಈಸ್ ನಾಟ್ ರೆಸ್ಪಾಂಡಿಂಗ್.